ಡಯಾಲಿಸಿಸ್ ಪಥ್ಯ: ಇಕ್ಕೇರಿ ಸೀಮೆಯ ಅಡುಗೆಮನೆಗೆ ಬಾರದ ಪಾಠ

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ವಾರದ 168 ಗಂಟೆಗಳಲ್ಲಿ ಯಂತ್ರದ ಪಕ್ಕ ಕಳೆಯುವುದು 12 ಗಂಟೆ. ದೂರ, ದುಡ್ಡು, ಸರತಿ ಎಲ್ಲ ಸೇರಿ ವಾರಕ್ಕೆ ಎರಡೇ ಸಲಕ್ಕೆ ಸುಮ್ಮನಾಗುವವರು ನಮ್ಮಲ್ಲಿ ಬಹಳ. ಅವರ ಪಾಲಿಗೆ ಅದು 8 ಗಂಟೆ. ಮಿಕ್ಕ 160 ಗಂಟೆ ಮೈಯಲ್ಲಿ ಏನು ಶೇಖರವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮನೆಯ ಊಟ. ಆ ಊಟದ ಬಗ್ಗೆ ರೋಗಿಗೆ ಯಾರು ಹೇಳಿಕೊಡುತ್ತಾರೆ, ಏನು ಹೇಳಿಕೊಡುತ್ತಾರೆ, ಹೇಳಿದ್ದು ಇಕ್ಕೇರಿ ಸೀಮೆಯ, ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಲೆಯ ಮೇಲೆ ಬೇಯುವ ಪದಾರ್ಥಗಳಿಗೆ ಹೊಂದುತ್ತದೆಯೇ ಎಂಬುದು ಈ ಲೇಖನದ ವಿಚಾರ.

ಮೊದಲು ಈ ಸೀಮೆಯ ಕಿಡ್ನಿ ರೋಗಿಗೆ ಇದ್ದ ದಾರಿ ಒಂದೋ ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ರಾಜ್ಯ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಘಟಕ ತೆರೆಯಿತು. ಸಾಗರದ ಉಪವಿಭಾಗೀಯ ಆಸ್ಪತ್ರೆ, ತೀರ್ಥಹಳ್ಳಿಯ ಜಯಚಾಮರಾಜೇಂದ್ರ ಆಸ್ಪತ್ರೆಯಂಥ ಕಡೆ ಬಡವರಿಗೆ ಖರ್ಚಿಲ್ಲದೆ ಚಿಕಿತ್ಸೆ ಸಿಗುವಂತಾದದ್ದು ಸಣ್ಣ ಮಾತಲ್ಲ. ಆದರೆ ಯಂತ್ರ ಬಂದಷ್ಟು ಸುಲಭವಾಗಿ ಪಾಠ ಬರಲಿಲ್ಲ. ತಾಲ್ಲೂಕು ಮಟ್ಟದ ಘಟಕದಲ್ಲಿ ಸಾಮಾನ್ಯವಾಗಿ ಕಾಣುವವರು ಟೆಕ್ನಿಷಿಯನ್ ಮತ್ತು ನರ್ಸ್. ಕಿಡ್ನಿ ರೋಗಿಯ ಊಟ ಬಲ್ಲ ಆಹಾರ ತಜ್ಞರು ದೊಡ್ಡ ಆಸ್ಪತ್ರೆಗಳಲ್ಲೇ ವಿರಳ. ಹೀಗಾಗಿ ಪಥ್ಯದ ಮೇಷ್ಟರಾಗುವವರು ಪಕ್ಕದ ಹಾಸಿಗೆಯ ಹಳೆಯ ರೋಗಿ, ಬೆಂಗಳೂರಿನಲ್ಲಿರುವ ಮಗ ಕಳಿಸಿದ ಯೂಟ್ಯೂಬ್ ವಿಡಿಯೊ, ಮತ್ತು ದೊಡ್ಡ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೈಗೆ ಬಂದ ಒಂದು ಛಾಪಿಸಿದ ಹಾಳೆ.

ಆ ಹಾಳೆಯನ್ನು ನೋಡಿದವರಿಗೆ ಗೊತ್ತು. ಎಡಗಡೆ ‘ತಿನ್ನಬಹುದು’, ಬಲಗಡೆ ‘ತಿನ್ನಬಾರದು’. ಬಲಗಡೆಯದೇ ಉದ್ದ. ಚೀಸ್, ಬ್ರೊಕೊಲಿ, ಚಾಕೊಲೇಟ್ ಎಲ್ಲ ಅಲ್ಲಿರುತ್ತವೆ. ಹಲಸಿನ ಸೊಳೆ, ಅಪ್ಪೆಮಿಡಿ, ತಂಬುಳಿ, ಜೋನಿಬೆಲ್ಲ, ಕಳಲೆ ಇರುವುದಿಲ್ಲ. ಹೊಸನಗರದ ಹಳ್ಳಿಯೊಂದರಲ್ಲಿ ಬ್ರೊಕೊಲಿ ತಿನ್ನಬೇಡಿ ಎಂದರೆ ಪಾಲಿಸುವುದಕ್ಕೆ ಕಷ್ಟವೇನಿಲ್ಲ.

ಪಾಠ ಉಪ್ಪಿನಿಂದ ಶುರುವಾಗಬೇಕು. ಡಯಾಲಿಸಿಸ್ ರೋಗಿಗೆ ಎಲ್ಲರೂ ಮೊದಲು ಹೇಳುವುದು ‘ನೀರು ಕಡಿಮೆ ಕುಡಿಯಿರಿ’ ಅಂತ. ಉಪ್ಪಿನ ಮಾತು ಆಮೇಲೆ, ಅದೂ ರಕ್ತದೊತ್ತಡದ ನೆಪದಲ್ಲಿ. ನಿಜವಾಗಿ ಇದು ತಿರುವುಮುರುವು. ನಮ್ಮ ರಕ್ತದಲ್ಲಿ ಉಪ್ಪಿನ ಹದ ಒಂದೇ ಮಟ್ಟದಲ್ಲಿರಬೇಕು. ಸುಮಾರು 8 ಗ್ರಾಂ ಉಪ್ಪು ಒಳಗೆ ಹೋದರೆ ಆ ಹದಕ್ಕೆ ಬರುವ ತನಕ, ಅಂದರೆ ಒಂದು ಲೀಟರ್ ನೀರು ಸೇರುವ ತನಕ, ಬಾಯಾರಿಕೆ ಬಿಡುವುದಿಲ್ಲ. ಮೂತ್ರ ನಿಂತವರಲ್ಲಿ ಆ ಲೀಟರ್ ಹೊರಗೆ ಹೋಗುವ ದಾರಿಯೂ ಇಲ್ಲ. ಉಪ್ಪಿನ ಮಾತೆತ್ತದೆ ನೀರು ಬಿಡಿ ಎನ್ನುವುದು ಕಾಲಹರಣ ಎಂದು ಬ್ರಿಟನ್ನಿನ ಕಿಡ್ನಿ ತಜ್ಞ ಚಾರ್ಲ್ಸ್ ಟಾಮ್ಸನ್ 2001ರಲ್ಲೇ ಬರೆದಿದ್ದರು. ಹಾಗಿದ್ದೂ ನಮ್ಮ ವಾರ್ಡುಗಳಲ್ಲಿ ಇಂದಿಗೂ ಬೈಸಿಕೊಳ್ಳುವುದು ನೀರು ಕುಡಿದವರೇ, ಉಪ್ಪಿನಕಾಯಿ ನೆಕ್ಕಿದವರಲ್ಲ.

ಇಕ್ಕೇರಿ ಸೀಮೆಯಲ್ಲಿ ಉಪ್ಪು ಅಡಗಿರುವ ಜಾಗಗಳು ಬೇರೆಯೇ. ಇಲ್ಲಿನ ಅಡುಗೆ ಎದ್ದು ಕಾಣುವಷ್ಟು ಉಪ್ಪುಪ್ಪಾಗಿರುವುದಿಲ್ಲ. ಆದರೆ ಈ ಊರುಗಳ ಮಳೆಗಾಲದ ಉಗ್ರಾಣವೇ ಉಪ್ಪಿನ ಮೇಲೆ ನಿಂತಿದೆ. ಹೊಳೆದಂಡೆಯ ಮಿಡಿ ತಂದು ಮೊದಲು ಹಾಕುವುದು ಹರಳುಪ್ಪಿನಲ್ಲಿ. ಅದು ಮುರುಟಿ ನೀರು ಬಿಟ್ಟ ಮೇಲಷ್ಟೇ ಖಾರ. ಹಲಸಿನ ಕಾಲದಲ್ಲಿ ಉಪ್ಪುಸೊಳೆ, ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಮೀನು ತಿನ್ನುವ ಮನೆಗಳಲ್ಲಿ ಜಡಿಮಳೆಯ ದಿನಗಳಿಗೆಂದು ಕಟ್ಟಿಟ್ಟ ಒಣಮೀನು. ಅನ್ನದ ಜೊತೆ ಇವೆಲ್ಲ ‘ನಂಚಿಕೊಳ್ಳುವ’ ಪದಾರ್ಥ, ಊಟದ ಲೆಕ್ಕಕ್ಕೇ ಬರುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಹಾಕಿ ಪಥ್ಯ ಮಾಡಿದೆವೆಂದುಕೊಂಡ ಮನೆಯಲ್ಲೇ ‘ಒಂದು ಮಿಡಿ ಹಾಕ್ಕಳಿ ಅಪ್ಪಯ್ಯ, ಒಂದಕ್ಕೆ ಏನಾಗ್ತದೆ’ ಎಂಬ ಉಪಚಾರವೂ ನಡೆಯುತ್ತದೆ. ಬಾಯಿ ಕೆಟ್ಟು ಊಟ ಸೇರದ ಮನುಷ್ಯನಿಗೆ ಅದನ್ನು ಬೇಡ ಎನ್ನುವುದು ಎಷ್ಟು ಕಷ್ಟವೆಂದು ಹೇಳಿ ತಿಳಿಸಬೇಕಿಲ್ಲ.

ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲೇ ತೋರಿಸಬಹುದು. ಡ್ರೈ ವೇಟ್, ಅಂದರೆ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ, 50 ಕಿಲೊ ಇರುವವರು ಎರಡು ಡಯಾಲಿಸಿಸ್ ನಡುವೆ ಏರಿಸಿಕೊಳ್ಳಬಹುದಾದ ತೂಕ ಸುಮಾರು 2 ಕಿಲೊ. ಯಂತ್ರ ಗಂಟೆಗೆ ಕಿಲೊ ಮೈತೂಕಕ್ಕೆ 13 ಮಿಲಿಲೀಟರಿಗಿಂತ ಹೆಚ್ಚು ನೀರು ಎಳೆದರೆ ಹೃದಯಕ್ಕೆ ಅಪಾಯ ಹೆಚ್ಚು ಎಂದು 2011ರ ಅಧ್ಯಯನವೊಂದು ತೋರಿಸಿತು. 50 ಕಿಲೊದವರಿಗೆ ಅದು ಗಂಟೆಗೆ 650 ಮಿಲಿಲೀಟರ್, ನಾಲ್ಕು ಗಂಟೆಗೆ ಎರಡೂವರೆ ಲೀಟರಿನ ಆಸುಪಾಸು. ನಾಲ್ಕು ಕಿಲೊ ಏರಿಸಿಕೊಂಡು ಬಂದವರಿಂದ ಅಷ್ಟನ್ನೂ ಒಂದೇ ದಿನ ತೆಗೆಯಹೋದರೆ ಕಾಲಿನ ಸೆಳೆತ, ರಕ್ತದೊತ್ತಡ ಕುಸಿತ, ವಾಂತಿ. ತೆಗೆಯದೆ ಬಿಟ್ಟರೆ ರಾತ್ರಿ ಮಲಗಿದಾಗ ಉಬ್ಬಸ. ಮನೆಯಲ್ಲಿ ಅಡಿಕೆ, ಭತ್ತ ತೂಗಿದ ಕೈಗಳಿಗೆ ಈ ತೂಕದ ಲೆಕ್ಕ ಅರ್ಥವಾಗದೆ ಏನು? ಅರ್ಥವಾಗುವಂತೆ ಹೇಳುವವರು ಬೇಕು, ಅಷ್ಟೆ. ಉಪ್ಪು ಇಳಿಸಿದಾಗ ನಾಲಗೆಗೆ ಬೇರೇನಾದರೂ ಕೊಡಬೇಕೆಂಬುದನ್ನೂ ಹೇಳಬೇಕು: ನಿಂಬೆ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ, ಇಂಗಿನ ಒಗ್ಗರಣೆ. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ಈ ರೋಗಿಗಳು ಮುಟ್ಟಕೂಡದು. ಅದರಲ್ಲಿ ಸೋಡಿಯಂ ಬದಲು ಸೇರಿಸಿರುವುದು ಪೊಟ್ಯಾಸಿಯಂ. ಇಂದುಪ್ಪು ಒಳ್ಳೆಯದೆಂಬ ನಂಬಿಕೆಯಿದೆ. ಅದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್.

ನೀರಿನ ಮಾತಿಗೆ ಬಂದರೆ, ಇಲ್ಲಿ ಕಷ್ಟವಿರುವುದು ಮನೆಯೊಳಗಿಗಿಂತ ಹೊರಗೆ. ಯಾರ ಮನೆಗೆ ಹೋದರೂ ‘ಆಸರಿಗೆ ಏನು ಕೊಡಲಿ’ ಎಂಬುದೇ ಮೊದಲ ಮಾತು. ಕಷಾಯ, ಮಜ್ಜಿಗೆ, ಮುರುಗಲಿನ ಪಾನಕ, ಬೆಲ್ಲ ನೀರು, ಯಾವುದನ್ನೂ ಒಲ್ಲೆನೆಂದರೆ ಮನೆಯವರಿಗೆ ಬೇಸರ. ತಂಬುಳಿ, ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುವ ರೂಢಿ ಬೇರೆ. ಇವೆಲ್ಲವೂ ನೀರಿನ ಲೆಕ್ಕಕ್ಕೇ ಸೇರಬೇಕು ಎಂದು ಬಾಯಿಬಿಟ್ಟು ಹೇಳದಿದ್ದರೆ ‘ನೀರು ಮುಟ್ಟಲೇ ಇಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುವ ರೋಗಿ ಮೂರು ಕಿಲೊ ಏರಿಸಿಕೊಂಡು ಬರುತ್ತಾರೆ.

ಎರಡನೆಯ ಪಾಠ ಪ್ರೋಟೀನಿನದು. ಇಲ್ಲಿನ ಗೊಂದಲಕ್ಕೆ ಒಂದು ಚರಿತ್ರೆಯಿದೆ. ವಿಲೆಮ್ ಕಾಲ್ಫ್ 1943ರಲ್ಲಿ ನೆದರ್ಲೆಂಡ್ಸಿನ ಕಾಂಪೆನ್ ಊರಿನಲ್ಲಿ ಕೃತಕ ಕಿಡ್ನಿ ಕಟ್ಟಿದರೂ, 1960ರಲ್ಲಿ ಸಿಯಾಟಲಿನ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತೆ ಮತ್ತೆ ಬಳಸಬಹುದಾದ ಕೊಳವೆ ಜೋಡಿಸುವವರೆಗೆ ಡಯಾಲಿಸಿಸ್ ನಂಬಿ ವರ್ಷಗಟ್ಟಲೆ ಬದುಕುವ ದಾರಿ ಇರಲಿಲ್ಲ. ಆಮೇಲೂ ಯಂತ್ರಗಳು ಕೆಲವೇ ಕೆಲವು. ಆ ಕಾಲದಲ್ಲಿ, 1963-64ರಲ್ಲಿ, ಇಟಲಿಯ ಜೊರ್ಡಾನೊ ಮತ್ತು ಜೊವನೆಟ್ಟಿ ಎಂಬ ವೈದ್ಯರು ಪ್ರೋಟೀನನ್ನು ತೀರಾ ಇಳಿಸಿದ ಊಟ ಕೊಟ್ಟು ರೋಗಿಯ ಸಂಕಟ ಕಡಿಮೆ ಮಾಡಬಹುದೆಂದು ತೋರಿಸಿದರು. ಡಯಾಲಿಸಿಸ್ ಶುರುವಾಗುವ ಮೊದಲಿನ ಹಂತದಲ್ಲಿ ಇಂದಿಗೂ ಪ್ರೋಟೀನ್ ಮಿತಿ ಹೇಳುತ್ತಾರೆ. ಶುರುವಾದ ಮೇಲೆ ನಿಯಮ ಪೂರ್ತಿ ತಿರುಗುತ್ತದೆ. ಒಂದೊಂದು ಡಯಾಲಿಸಿಸಿನಲ್ಲೂ ಮೈಯಿಂದ ಅಮೈನೊ ಆಮ್ಲಗಳು ಸೋರಿಹೋಗುತ್ತವೆ. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಷನ್ನಿನ 2020ರ ಮಾರ್ಗಸೂಚಿ ಕಿಲೊ ಮೈತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ. 50 ಕಿಲೊದವರಿಗೆ 50ರಿಂದ 60 ಗ್ರಾಂ.

ಈ ತಿರುವನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ‘ಬೇಳೆ ಬಿಡಿ, ಮೊಟ್ಟೆ ಬಿಡಿ’ ಎಂದು ಎರಡು ವರ್ಷ ಹೇಳಿಸಿಕೊಂಡ ರೋಗಿ ಡಯಾಲಿಸಿಸ್ ಹತ್ತಿದ ಮೇಲೂ ಅದನ್ನೇ ಪಾಲಿಸುತ್ತಾರೆ. ಗಂಜಿ, ತಿಳಿಸಾರು, ಎರಡು ಇಡ್ಲಿಯಲ್ಲಿ ದಿನ ಕಳೆದು ತೋಳಿನ ಮಾಂಸ ಕರಗುತ್ತದೆ. ಹಾಗೆ ಒಣಗಿದವರನ್ನು ನೋಡಿದ ನೆಂಟರು ‘ಡಯಾಲಿಸಿಸ್ಸೇ ಹೀಗೆ ಮಾಡಿತು’ ಎನ್ನುತ್ತಾರೆ. ಮೀನು, ಕೋಳಿ, ಮೊಟ್ಟೆ ತಿನ್ನುವ ದೀವರು, ಒಕ್ಕಲಿಗರ ಮನೆಗಳಲ್ಲಿ ಇದಕ್ಕೆ ಪರಿಹಾರ ಸುಲಭ. ಒಣಮೀನಿನ ಬದಲು ಹಸಿಮೀನು, ದಿನಕ್ಕೆ ಎರಡು ಮೊಟ್ಟೆಯ ಬಿಳಿ ಎಂದರೆ ಮುಗಿಯಿತು. ಹವ್ಯಕರು, ಲಿಂಗಾಯತರ ಸಸ್ಯಾಹಾರದ ಮನೆಯಲ್ಲಿ ಲೆಕ್ಕ ಬಿಗಿ. ಬೇಳೆ, ಹಾಲು, ಮೊಸರು, ಪನೀರ್ ಇಷ್ಟರಲ್ಲೇ ತೂಗಿಸಬೇಕು. ಅವುಗಳ ಜೊತೆ ಫಾಸ್ಫರಸ್, ಪೊಟ್ಯಾಸಿಯಂ ಬೆನ್ನುಹತ್ತಿ ಬರುತ್ತವೆ. ತಜ್ಞರ ಅಗತ್ಯ ನಿಜವಾಗಿ ಬೀಳುವುದು ಇಂಥ ಮನೆಗಳಿಗೆ. ಬೇಳೆಯನ್ನು ನಿಷೇಧದ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಪಾಠವಲ್ಲ.

ಪೊಟ್ಯಾಸಿಯಂ ಬಗ್ಗೆ ಜನರಲ್ಲಿ ಭಯ ಹೆಚ್ಚು. ಅದಕ್ಕೆ ಕಾರಣವೂ ಇದೆ: ರಕ್ತದಲ್ಲಿ ಅದು ಮಿತಿ ಮೀರಿದರೆ ಮುನ್ಸೂಚನೆ ಕೊಡದೆ ಹೃದಯ ನಿಲ್ಲಬಹುದು. ಅದು ಶೇಖರವಾಗುವುದು ಎರಡು ಡಯಾಲಿಸಿಸ್ ನಡುವಿನ ಅಂತರದಲ್ಲಿ. 2011ರಲ್ಲಿ ಅಮೆರಿಕದ ಸುಮಾರು 32 ಸಾವಿರ ರೋಗಿಗಳ ದಾಖಲೆ ನೋಡಿದಾಗ, ವಾರದಲ್ಲಿ ಎರಡು ದಿನ ಬಿಡುವು ಬೀಳುವ ಅಂತರದ ಮರುದಿನ ಸಾವು, ಹೃದಯದ ತೊಂದರೆ ಎರಡೂ ಹೆಚ್ಚೆಂದು ಕಂಡಿತು. ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರಿಗೆ ಪ್ರತಿ ಅಂತರವೂ ಉದ್ದದ್ದೇ.

ಸಮಾಧಾನದ ಸಂಗತಿಯೆಂದರೆ ನಮ್ಮ ಮೂಲ ಆಹಾರ ಅಕ್ಕಿ. ಸಕ್ಕರೆ ಕಾಯಿಲೆಯವರಿಗೆ ಎಲ್ಲರೂ ಹೊಗಳುವ ರಾಗಿಯಲ್ಲಿ 100 ಗ್ರಾಮಿಗೆ 400 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇದ್ದರೆ ಅಕ್ಕಿಯಲ್ಲಿ ಅದರ ಕಾಲುಭಾಗದಷ್ಟು. ಬಸಿದ ಅನ್ನದಲ್ಲಿ ಇನ್ನೂ ಕಡಿಮೆ. ಕಡುಬು, ಅಕ್ಕಿರೊಟ್ಟಿ, ಅವಲಕ್ಕಿ ಎಲ್ಲ ಬಚಾವು. ಎಡವಟ್ಟಾಗುವುದು ಹಿತ್ತಲಲ್ಲಿ ಬಿಟ್ಟಿ ಸಿಗುವ ಪದಾರ್ಥಗಳಿಂದ. ಎಳನೀರು 100 ಮಿಲಿಲೀಟರಿಗೆ ಸುಮಾರು 250 ಮಿಲಿಗ್ರಾಂ. ಆಸ್ಪತ್ರೆಗೆ ನೋಡಲು ಬರುವವರು ತರುವುದೇ ಅದು. ಬಾಳೆಹಣ್ಣು 100 ಗ್ರಾಮಿಗೆ 350ರ ಮೇಲೆ. ಹಲಸಿನ ಹಣ್ಣೂ ಅದೇ ಸಾಲು, ಮೇಲಾಗಿ ಎರಡು ಸೊಳೆಗೆ ಯಾರೂ ನಿಲ್ಲಿಸುವುದಿಲ್ಲ. ತೊಡೆದೇವು, ದೋಸೆಗೆ ಹಾಕಿಕೊಳ್ಳುವ ಜೋನಿಬೆಲ್ಲ ಪೊಟ್ಯಾಸಿಯಮ್ಮಿನ ಖನಿ. ಇಲ್ಲಿ ಸಕ್ಕರೆಯೇ ವಾಸಿ ಎಂದರೆ ಅಜ್ಜಿಯಂದಿರು ನಂಬುವುದಿಲ್ಲ. ಹಾಗೆಂದು ಹಣ್ಣನ್ನೇ ಬಿಡಿಸಿಬಿಡುವುದೂ ತಪ್ಪು. ಅನಾನಸು, ಸೇಬು 100 ಗ್ರಾಮಿಗೆ 100 ಮಿಲಿಗ್ರಾಂ ಆಜುಬಾಜಿನವು, ಅನಾನಸಂತೂ ಸಾಗರ, ಸೊರಬದ ಹೊಲಗಳಲ್ಲೇ ಬೆಳೆಯುವುದು. ಯುರೋಪ್ ಮತ್ತು ದಕ್ಷಿಣ ಅಮೆರಿಕದ 8 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲಿ ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲೇ ಸಾವು ಕಡಿಮೆ ಕಂಡಿತ್ತು. ತಿಂದದ್ದರಿಂದಲೇ ಬದುಕಿದರು ಎಂದು ಅದರಿಂದ ಸಾಬೀತಾಗುವುದಿಲ್ಲ, ಆದರೆ ಹಣ್ಣೆಂದರೆ ವಿಷ ಎಂಬ ಹಳೆಯ ಪಾಠವಂತೂ ಸಡಿಲವಾಗಿದೆ. ಮಲಬದ್ಧತೆಯಾದರೂ ಪೊಟ್ಯಾಸಿಯಂ ಏರುತ್ತದೆಂಬುದು ಎಷ್ಟೋ ರೋಗಿಗಳಿಗೆ ತಿಳಿಯದ ಸಂಗತಿ. ಕಿಡ್ನಿ ಸೋತಾಗ ಅದನ್ನು ಹೊರಹಾಕುವ ಕೆಲಸದಲ್ಲಿ ಕರುಳೂ ಕೈಜೋಡಿಸಿರುತ್ತದೆ.

ತರಕಾರಿ ಬೇಯಿಸುವ ಕ್ರಮದಲ್ಲಿ ಒಂದು ತಿದ್ದುಪಡಿ ಬೇಕು. ಹೆಚ್ಚಿ ನೀರಿನಲ್ಲಿ ನೆನೆಹಾಕಿ ಎಂದು ಹಾಳೆಗಳು ಹೇಳುತ್ತವೆ. ಆಲೂಗಡ್ಡೆಯ ಮೇಲೆ 2008ರಲ್ಲಿ ನಡೆದ ಪರೀಕ್ಷೆಯಲ್ಲಿ ಬರೀ ನೆನೆಸಿದ್ದರಿಂದ ಏನೂ ಆಗಲಿಲ್ಲ. ಹೋಳು ಮಾಡಿ ಕುದಿಸಿದಾಗ ಪೊಟ್ಯಾಸಿಯಂ ಅರ್ಧಕ್ಕೆ, ತುರಿದು ಕುದಿಸಿದಾಗ ಕಾಲುಭಾಗಕ್ಕೆ ಇಳಿಯಿತು. ಅಂದರೆ ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ‘ಸತ್ವವೆಲ್ಲ ಅದರಲ್ಲೇ ಇರ್ತದೆ’ ಎಂದು ಗಂಜಿತಿಳಿಯನ್ನೂ ಬಿಡದೆ ಕುಡಿದವರಿಗೆ ಬೆಂದ ನೀರು ಚೆಲ್ಲಲು ಕೈ ಬರುವುದಿಲ್ಲ. ಆದರೆ ಕಳಲೆಯನ್ನು ದಿನವೂ ನೀರು ಬದಲಿಸಿ ನೆನೆಸಿ, ಆ ನೀರನ್ನು ದನಕ್ಕೂ ಕೊಡದೆ ಚೆಲ್ಲುವವರೂ ಇವರೇ. ಚೆಲ್ಲುವುದರ ಹಿಂದೆ ಕಾರಣವಿದೆಯೆಂದು ಗೊತ್ತಾದರೆ ಈ ಸೀಮೆಯ ಹೆಂಗಸರು ಹಿಂಜರಿಯುವವರಲ್ಲ. ಪಾಠ ಹೇಳುವವರು ಕಳಲೆಯಿಂದಲೇ ಶುರು ಮಾಡಬಹುದು.

ಹಿತ್ತಲಿನ ಎರಡು ಹುಳಿಗಳ ಬಗ್ಗೆ ಮಾತ್ರ ಸಡಿಲ ಮಾತಿಲ್ಲ. ಧಾರೆಹುಳಿ ಅಥವಾ ಕಮರಾಕ್ಷಿ ಡಯಾಲಿಸಿಸ್ ರೋಗಿಗೆ ನಿಜವಾಗಿಯೂ ವಿಷ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಸ್ತುವನ್ನು ಬ್ರೆಜಿಲ್ಲಿನ ವಿಜ್ಞಾನಿಗಳು 2013ರಲ್ಲಿ ಬೇರ್ಪಡಿಸಿ ತೋರಿಸಿದರು. ಕಿಡ್ನಿ ಸೋತವರಲ್ಲಿ ಅದು ಮೈಯಲ್ಲೇ ಉಳಿದು ಮಿದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು. ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲ್ ಇಳಿಸಲೆಂದು ಕುಡಿದು ಚೆನ್ನಾಗಿದ್ದ ಕಿಡ್ನಿಯನ್ನೇ ಕೆಡಿಸಿಕೊಂಡವರ ಬಗ್ಗೆ ಕೇರಳದ ವೈದ್ಯರು ಅದೇ ವರ್ಷ ವರದಿ ಮಾಡಿದ್ದಾರೆ; ಅಲ್ಲಿ ಕೆಲಸ ಮಾಡಿದ್ದು ಆಕ್ಸಲೇಟ್. ನಗರದಲ್ಲಿ ಛಾಪಿಸಿದ ಹಾಳೆಗಳಲ್ಲಿ ಈ ಎರಡೂ ಸಾಮಾನ್ಯವಾಗಿ ಇರುವುದಿಲ್ಲ.

ಫಾಸ್ಫರಸ್ಸಿನದು ಸಣ್ಣ ಪಾಠ, ಆದರೂ ಕಲಿಸಿದರೆ ಫಲ ಕೊಡುತ್ತದೆಂಬುದಕ್ಕೆ ಒಳ್ಳೆಯ ಪುರಾವೆಯಿರುವುದು ಇಲ್ಲೇ. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 279 ರೋಗಿಗಳ ಪೈಕಿ ಒಂದು ಗುಂಪಿಗೆ ಫಾಸ್ಫೇಟ್ ಬೆರೆಸಿದ ಪೊಟ್ಟಣದ ತಿಂಡಿ, ಪಾನೀಯ ಗುರುತಿಸಿ ಬಿಡುವುದನ್ನು ಕಲಿಸಿದರು. ಮೂರು ತಿಂಗಳಲ್ಲಿ ಅವರ ರಕ್ತದ ಫಾಸ್ಫರಸ್ ಉಳಿದವರಿಗಿಂತ ಡೆಸಿಲೀಟರಿಗೆ 0.6 ಮಿಲಿಗ್ರಾಂ ಹೆಚ್ಚು ಇಳಿಯಿತು. ಬೇಳೆಕಾಳಿನ ಫಾಸ್ಫರಸ್ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ, ಕೋಲಾದಲ್ಲಿ ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ. ಫಾಸ್ಫರಸ್ ಹಿಡಿದಿಡುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎಲ್ಲ ಮಾತ್ರೆ ಒಟ್ಟಿಗೆ ಎಸೆದುಕೊಳ್ಳುವವರಿಗೆ ಅದರಿಂದ ಪ್ರಯೋಜನವಿಲ್ಲ. ಕವಳದ ಸುಣ್ಣವೂ ಕ್ಯಾಲ್ಸಿಯಂ ಎಂಬುದನ್ನು, ಅತಿಯಾದರೆ ರಕ್ತದ ಕ್ಯಾಲ್ಸಿಯಂ ಏರಿದ ಪ್ರಕರಣಗಳು ತೈವಾನಿನಿಂದ ವರದಿಯಾಗಿವೆ ಎಂಬುದನ್ನು ಅಡಿಕೆಯ ನಾಡಿನ ರೋಗಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು.

ನಾಟಿ ಔಷಧಿಯ ವಿಚಾರ ಬಿಟ್ಟು ಇಲ್ಲಿ ಪಥ್ಯ ಮಾತಾಡಲಾಗದು. ಆನಂದಪುರ ಬಳಿಯ ನರಸೀಪುರಕ್ಕೆ ನಾಟಿ ಔಷಧಿಗೆಂದು ದೇಶದ ಮೂಲೆಮೂಲೆಯಿಂದ ರೋಗಿಗಳು ಬಂದು ಸಾಲುಗಟ್ಟಿದ ಸೀಮೆಯಿದು. ಮನೆಮನೆಯಲ್ಲೂ ಒಂದಷ್ಟು ಬೇರು, ಚಕ್ಕೆಯ ತಿಳಿವಳಿಕೆಯಿದೆ. ಪಥ್ಯವೆಂದರೆ ನಂಜಿನ ಪದಾರ್ಥ ಬಿಡುವುದು, ಅದೂ ಇಂತಿಷ್ಟು ದಿನವೆಂದು, ಎಂಬ ಕಲ್ಪನೆ ಗಟ್ಟಿಯಾಗಿದೆ. ಕಾಮಾಲೆಗೆ, ಬಾಣಂತನಕ್ಕೆ ಪಥ್ಯ ಮುಗಿಯುವ ದಿನವುಂಟು, ಡಯಾಲಿಸಿಸ್ ಪಥ್ಯಕ್ಕೆ ಇಲ್ಲ. ಬದನೆ ನಂಜು ಎಂದು ಬಿಟ್ಟವರು ಎಳನೀರು ತಂಪು ಎಂದು ಕುಡಿಯುತ್ತಾರೆ. ಕಷಾಯ ಮಾಡುವುದೆಂದರೆ ಬೇರು, ಎಲೆಯ ಪೊಟ್ಯಾಸಿಯಮ್ಮನ್ನು ನೀರಿಗೆ ಇಳಿಸುವುದು, ಜೊತೆಗೆ ಆ ನೀರೂ ಹೊಟ್ಟೆಗೆ. ಗದರಿದರೆ ರೋಗಿ ಮುಚ್ಚಿಟ್ಟು ಕುಡಿಯುತ್ತಾರೆ. ಕುಡಿಯುತ್ತಿದ್ದೀರಾ ಎಂದು ಸಮಾಧಾನದಲ್ಲಿ ಕೇಳುವ ನರ್ಸ್ ಇದ್ದಲ್ಲಿ ಸತ್ಯ ಹೊರಬೀಳುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆಯಿರುವುದು ಮಳೆಗಾಲದ ಪಾಠದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಘಾಟಿಯಲ್ಲಿ ಗುಡ್ಡ ಜರಿಯುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಕರೂರು, ಬಾರಂಗಿ ಹೋಬಳಿಯವರು ಶರಾವತಿ ಹಿನ್ನೀರು ದಾಟಿ ಸಾಗರಕ್ಕೆ ಬರಲು ಲಾಂಚನ್ನೇ ನಂಬಬೇಕಿತ್ತು, ಕತ್ತಲಾದ ಮೇಲೆ ಅದೂ ಇಲ್ಲ. ಒಂದು ಡಯಾಲಿಸಿಸ್ ತಪ್ಪಿದರೆ ಏನು ತಿನ್ನಬೇಕು? ಚಂಡಮಾರುತ, ಹಿಮಪಾತದ ಊರುಗಳ ರೋಗಿಗಳಿಗೆಂದು ಅಮೆರಿಕದಲ್ಲಿ ಮೂರು ದಿನದ ತುರ್ತು ಊಟದ ಕ್ರಮ ಕಲಿಸುತ್ತಾರೆ. ಪೊಟ್ಯಾಸಿಯಂ, ಉಪ್ಪು ತೀರಾ ಇಳಿಸಿ, ಪ್ರೋಟೀನನ್ನೂ ತಾತ್ಕಾಲಿಕವಾಗಿ ಕಡಿಮೆ ಮಾಡಿ, ನೀರನ್ನು ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುವುದು ಅದರ ತಿರುಳು. ನಮ್ಮಲ್ಲಿ ಅದನ್ನು ಬಸಿದ ಅನ್ನ, ತುಪ್ಪ, ಉಪ್ಪಿಲ್ಲದ ಅಕ್ಕಿರೊಟ್ಟಿ, ಅವಲಕ್ಕಿ, ಸಕ್ಕರೆ, ಒಂದು ಮೊಟ್ಟೆ, ಎರಡು ಹೋಳು ಅನಾನಸು ಎಂದು ಹೊಂದಿಸಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ಅದನ್ನೂ ತಿದ್ದಿಕೊಡಬೇಕು. ಹಪ್ಪಳ, ಉಪ್ಪಿನಕಾಯಿ, ಒಣಮೀನು, ಹಲಸಿನ ಬೀಜ ಹೊಟ್ಟೆಗೆ ಹೆಚ್ಚು ಬೀಳುವುದು ಸರಿಯಾಗಿ ಇದೇ ದಿನಗಳಲ್ಲಿ. ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಇಂಥ ಊರುಗಳಿಗೆ ಹೆಚ್ಚು ಹೊಂದುತ್ತದೆ, ಅದರ ಪಥ್ಯವೂ ಸ್ವಲ್ಪ ಸಡಿಲ. ಇಲ್ಲಿ ಅದರ ಮಾತೇ ಅಪರೂಪ.

ಪಾಠದಿಂದ ಆಯಸ್ಸು ಹೆಚ್ಚುತ್ತದೆಯೇ ಎಂದು ಕೇಳಿದರೆ ನೇರ ಉತ್ತರವಿಲ್ಲ. ಕಿಡ್ನಿ ರೋಗಿಗಳ ಊಟ ಬದಲಿಸಿ ನೋಡಿದ 17 ಅಧ್ಯಯನಗಳನ್ನು, ಒಟ್ಟು 1639 ಜನರನ್ನು, 2017ರಲ್ಲಿ ಕಾಕ್ರೇನ್ ಸಂಸ್ಥೆ ಒರೆಹಚ್ಚಿತು. ಬದುಕಿನ ಗುಣಮಟ್ಟ ಸುಧಾರಿಸಬಹುದು, ಸಾವು ತಗ್ಗುತ್ತದೆಯೆಂದು ಹೇಳಲು ಪುರಾವೆ ಸಾಲದು ಎಂಬುದು ಅದರ ತೀರ್ಮಾನ. ಹೀಗಿರುವಾಗ ಎಲ್ಲವನ್ನೂ ಬಿಡಿಸುವ ಹಾಳೆಗೆ ಸಮರ್ಥನೆ ಸಿಗುವುದು ಕಷ್ಟ. ಆಯಾ ತಿಂಗಳ ರಕ್ತಪರೀಕ್ಷೆ ನೋಡಿ ಯಾವುದು ಏರಿದೆಯೋ ಅದನ್ನಷ್ಟೇ ಬಿಗಿ ಮಾಡುವುದು ಸರಿಯಾದ ಕ್ರಮ.

ಯಾರಿಗೆ ಕಲಿಸಬೇಕೆಂಬುದರಲ್ಲೂ ತಪ್ಪಿದ್ದೇವೆ. ಗಂಡಸು ರೋಗಿಯಾದರೆ ಜೊತೆಗೆ ಬರುವವರು ಮಗನೋ ಅಳಿಯನೋ; ಸೌಟು ಹಿಡಿಯುವವರು ಮನೆಯಲ್ಲೇ. ಹೆಂಗಸು ರೋಗಿಯಾದರೆ ಮನೆಮಂದಿಗೆಲ್ಲ ಉಪ್ಪು ಹಾಕಿ ಬೇಯಿಸಿದ್ದನ್ನೇ ತಾನೂ ಉಣ್ಣುತ್ತಾಳೆ, ತನಗೊಬ್ಬಳಿಗೆ ಬೇರೆ ಒಲೆ ಹಚ್ಚುವುದು ದಂಡವೆಂದು. ಇದು ಬದಲಾಗದೆ ಯಾವ ಹಾಳೆಯೂ ಕೆಲಸ ಮಾಡುವುದಿಲ್ಲ.

ಮನಸ್ಸು ಮಾಡಿದರೆ ಆರೋಗ್ಯ ಇಲಾಖೆ ಮನೆಬಾಗಿಲು ಮುಟ್ಟಬಲ್ಲದು ಎಂಬುದಕ್ಕೆ ಇದೇ ಸೀಮೆ ಸಾಕ್ಷಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಸಾಗರದ ಅರಳಗೋಡಿನಲ್ಲಿ ಕಾಣಿಸಿದಾಗ ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಗಳಿಗೆ ಉಣ್ಣೆ ನಿವಾರಕ ಎಣ್ಣೆ ಹಂಚಿ, ಹಚ್ಚುವ ಕ್ರಮ ಹೇಳಿಕೊಟ್ಟರು. ಡಯಾಲಿಸಿಸ್ ರೋಗಿಗಳ ಹೆಸರು, ಊರು ಘಟಕದ ರಿಜಿಸ್ಟರಿನಲ್ಲೇ ಇವೆ. ಶಿವಮೊಗ್ಗದ ವೈದ್ಯಕೀಯ ಕಾಲೇಜಿನಿಂದ ಆಹಾರ ತಜ್ಞರೊಬ್ಬರು ತಿಂಗಳಿಗೊಮ್ಮೆ ಮೂರೂ ತಾಲ್ಲೂಕಿನ ಘಟಕಗಳಿಗೆ ಬರಲಿ. ರೋಗಿಯ ಜೊತೆ ಅಡುಗೆ ಮಾಡುವವರೂ ಅಂದು ಕಡ್ಡಾಯವಾಗಿ ಬರಲಿ, ಹೇಳಿದ್ದನ್ನು ಅವರ ಬಾಯಲ್ಲೇ ಮತ್ತೆ ಹೇಳಿಸಿ ಅರ್ಥವಾಯಿತೇ ನೋಡಲಿ. ಹಲಸು, ಮಿಡಿ, ಕಳಲೆ, ಎಳನೀರು, ಧಾರೆಹುಳಿಯ ಹೆಸರಿರುವ ಕನ್ನಡದ ಹಾಳೆಯೊಂದು ಸಿದ್ಧವಾಗಲಿ, ಅದರ ಬೆನ್ನಿಗೆ ರಸ್ತೆ ಕಟ್ಟಿದ ಮೂರು ದಿನದ ಊಟವಿರಲಿ. ಈ ಸಲ ಆರಿದ್ರಾ ಮಳೆ ಹಿಡಿಯುವುದರೊಳಗೆ ಆ ಹಾಳೆಯಾದರೂ ರೋಗಿಗಳ ಮನೆ ಸೇರಲಿ.